ಹೆಜ್ಜೆ ಮೋಟಾರಿನ ಹಿಂದಿನ ಪೆಟ್ಟಿಗೆ

ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ 1990 ಮತ್ತು 2000ದ ದಶಕಗಳಲ್ಲಿ ಎಲೆಕ್ಟ್ರಾನಿಕ್ಸ್ ಇಲ್ಲವೆ ಕಂಪ್ಯೂಟರ್ ವಿಜ್ಞಾನ ಓದಿದವರಲ್ಲಿ ಅನೇಕರಿಗೆ 88, 44, 22, 11 ಎಂಬ ನಾಲ್ಕು ಸಂಖ್ಯೆಗಳು ಇಂದಿಗೂ ನೆನಪಿವೆ. ಮೈಕ್ರೊಪ್ರೊಸೆಸರ್ ಪ್ರಯೋಗಾಲಯದಲ್ಲಿ ಸ್ಟೆಪರ್ ಮೋಟಾರನ್ನು, ಅಂದರೆ ಹೆಜ್ಜೆ ಮೋಟಾರನ್ನು, ತಿರುಗಿಸಲು ಈ ಸಂಖ್ಯೆಗಳನ್ನು ಒಂದರ ನಂತರ ಒಂದರಂತೆ ಕಳುಹಿಸಬೇಕಾಗಿತ್ತು. ಮೋಟಾರಿನ ಅಕ್ಷಕ್ಕೆ ಕಾಗದದ ಚೂರೊಂದನ್ನು ಅಂಟಿಸಿ, ಅದು ‘ಟಕ್ ಟಕ್’ ಎಂದು ತಿರುಗಿದರೆ ಪ್ರಯೋಗ ಮುಗಿಯಿತು. ಪ್ರೊಸೆಸರ್‌ಗೂ ಮೋಟಾರಿಗೂ ನಡುವೆ ಒಂದು ಸಣ್ಣ ಪೆಟ್ಟಿಗೆ ಇರುತ್ತಿತ್ತು. ಅದರ ಹೆಸರು ಇಂಟರ್‌ಫೇಸ್ ಕಾರ್ಡ್. ಅದರೊಳಗೆ ಏನಿದೆ ಎಂದು ವಿದ್ಯಾರ್ಥಿಗಳು ಕೇಳುತ್ತಿರಲಿಲ್ಲ, ನಾವೂ ಹೇಳುತ್ತಿರಲಿಲ್ಲ.

ಹಾಸನದಲ್ಲಿ ಈ ಪ್ರಯೋಗವನ್ನು ವರ್ಷಗಟ್ಟಲೆ ಮಾಡಿಸಿದವರಲ್ಲಿ ನಾನೂ ಒಬ್ಬ. ಆದ್ದರಿಂದ ಹೊಳೆನರಸೀಪುರದಲ್ಲಿ ಮರಗೆಲಸದ ಅಂಗಡಿ ನಡೆಸುವ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿ, “ಸಾರ್, 88, 44 ಎಲ್ಲ ಇನ್ನೂ ಬಾಯಿಗೆ ಬರುತ್ತೆ. ಆದರೆ ನನ್ನ ಮೆಷೀನು ಯಾಕೆ ಜೋರಾಗಿ ಓಡಿಸಿದ ಕೂಡಲೇ ನಿಂತುಹೋಗುತ್ತೆ ಅನ್ನೋದು ಗೊತ್ತಾಗ್ತಿಲ್ಲ” ಎಂದಾಗ ನನಗೆ ಸ್ವಲ್ಪ ಮುಜುಗರವಾಯಿತು. ಆ ಪ್ರಶ್ನೆಗೆ ಉತ್ತರ ಇದ್ದದ್ದು ನಾನು ತೆರೆದು ತೋರಿಸದ ಆ ಪೆಟ್ಟಿಗೆಯಲ್ಲಿ.

ಅವನು ಕಟ್ಟುತ್ತಿದ್ದದ್ದು ಮರ ಕೆತ್ತುವ ಪುಟ್ಟ ಸಿಎನ್‌ಸಿ ಯಂತ್ರ. ಮೂರು ದಿಕ್ಕಿಗೆ ಮೂರು ಮೋಟಾರು. ಲೋಹದ ಚೌಕಟ್ಟು ಮತ್ತು ಬೇರಿಂಗ್ ಕೂರಿಸುವ ಕೆಲಸ ಅರಕಲಗೂಡಿನಲ್ಲಿ ಲೇತ್ ಇಟ್ಟುಕೊಂಡಿರುವ ಗೆಳೆಯರದು. ವಿದ್ಯುತ್ ಪೂರೈಕೆಯ ಭಾಗ ಚನ್ನರಾಯಪಟ್ಟಣದಲ್ಲಿ ಸ್ಟೆಬಿಲೈಸರ್, ಯುಪಿಎಸ್ ರಿಪೇರಿ ಮಾಡುವ ಇನ್ನೊಬ್ಬರದು. ಯಂತ್ರ ಗಾಳಿಯಲ್ಲಿ ಚೆನ್ನಾಗಿಯೇ ಓಡಿತ್ತು. ಮೊದಲ ನಿಜವಾದ ಕೆಲಸವೆಂದರೆ ಗೃಹಪ್ರವೇಶಕ್ಕೆ ಬೇಕಾದ ಬಾಗಿಲಿನ ಹಲಗೆಯ ಮೇಲೆ ಹೂಬಳ್ಳಿ ಕೆತ್ತುವುದು. ತೇಗದ ಮರ ಗಿರಾಕಿಯದೇ, ಅವರ ತೋಟದ್ದು. ಅರ್ಧ ಕೆತ್ತನೆ ಆಗುವ ಹೊತ್ತಿಗೆ ಬಳ್ಳಿಯ ಉಳಿದರ್ಧ 7 ಮಿ.ಮೀ. ಪಕ್ಕಕ್ಕೆ ಸರಿದಿತ್ತು. ಯಂತ್ರಕ್ಕೆ ಮಾತ್ರ ಏನೂ ಗೊತ್ತಿಲ್ಲ. ಅದು ತನ್ನ ಪಾಡಿಗೆ ತಪ್ಪು ಜಾಗದಲ್ಲಿ ಬಹಳ ನಿಖರವಾಗಿ ಕೆತ್ತುತ್ತಲೇ ಇತ್ತು.

ಈ ಕುರುಡುತನ ಹೆಜ್ಜೆ ಮೋಟಾರಿನ ಹುಟ್ಟುಗುಣ. ಅದನ್ನು ಅರ್ಥಮಾಡಿಕೊಳ್ಳಲು ಸುಮಾರು ನೂರು ವರ್ಷ ಹಿಂದಕ್ಕೆ ಹೋಗಬೇಕು.

ಯುದ್ಧನೌಕೆಯಿಂದ 50 ಹಲ್ಲಿನ ಚಕ್ರಕ್ಕೆ

1920ರ ದಶಕದಲ್ಲಿ ಬ್ರಿಟಿಷ್ ನೌಕಾಪಡೆಯ ಹಡಗುಗಳಲ್ಲಿ ಫಿರಂಗಿಯನ್ನು ಯಾವ ಕೋನಕ್ಕೆ ತಿರುಗಿಸಬೇಕೆಂಬ ಸೂಚನೆಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಲು ಹೆಜ್ಜೆ ಮೋಟಾರುಗಳನ್ನು ಬಳಸುತ್ತಿದ್ದರು. ಅಲ್ಲಿ ಒಬ್ಬರು ಹಿಡಿಕೆ ತಿರುಗಿಸಿದರೆ ಸ್ವಿಚ್ಚುಗಳು ಸರದಿಯಂತೆ ಸುರುಳಿಗಳಿಗೆ ವಿದ್ಯುತ್ ಕೊಡುತ್ತಿದ್ದವು. ದೂರದಲ್ಲಿ ಮುಳ್ಳು ಅಷ್ಟೇ ಹೆಜ್ಜೆ ಸರಿಯುತ್ತಿತ್ತು. ಅಂದಿನ ‘ಡ್ರೈವರ್’ ಎಂದರೆ ಮನುಷ್ಯನ ಕೈ ಮತ್ತು ಹಿತ್ತಾಳೆಯ ಸ್ವಿಚ್ಚು. ವೇಗದ ಪ್ರಶ್ನೆಯೇ ಏಳಲಿಲ್ಲ.

ಇಂದು ಸಿಎನ್‌ಸಿ ಯಂತ್ರಗಳಲ್ಲಿರುವ ಮೋಟಾರಿನ ನೇರ ಪೂರ್ವಜ ಬೇರೆ. 1950ರ ದಶಕದ ಆರಂಭದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಫೈರ್‌ಟ್ಯಾಗ್ ಮತ್ತು ಡೊನಾಹೊ ಎಂಬವರು ನಿಧಾನವಾಗಿ ತಿರುಗುವ ಒಂದು ಎ.ಸಿ. ಮೋಟಾರಿಗೆ ಪೇಟೆಂಟ್ ಪಡೆದರು. ಕಾಯಂ ಅಯಸ್ಕಾಂತವನ್ನು ಹೊಟ್ಟೆಯಲ್ಲಿಟ್ಟುಕೊಂಡ, ಅಂಚಿನಲ್ಲಿ ಸಣ್ಣ ಹಲ್ಲುಗಳಿರುವ ಚಕ್ರ ಅದರ ತಿರುಗುವ ಭಾಗ. ಈ ಬಗೆಯ ಮೋಟಾರನ್ನು ಸುಪೀರಿಯರ್ ಎಲೆಕ್ಟ್ರಿಕ್ ಎಂಬ ಕಂಪನಿ ‘ಸ್ಲೊ-ಸಿನ್’ ಹೆಸರಿನಲ್ಲಿ ಜನಪ್ರಿಯಗೊಳಿಸಿತು. ಚಕ್ರದಲ್ಲಿ 50 ಹಲ್ಲು. ಅಮೆರಿಕದ 60 ಹರ್ಟ್ಸ್ ವಿದ್ಯುತ್ತಿಗೆ ಜೋಡಿಸಿದರೆ ನಿಮಿಷಕ್ಕೆ ಸರಿಯಾಗಿ 72 ಸುತ್ತು. ನಮ್ಮ 50 ಹರ್ಟ್ಸ್‌ಗೆ ಜೋಡಿಸಿದರೆ ನಿಮಿಷಕ್ಕೆ 60, ಅಂದರೆ ಸೆಕೆಂಡಿಗೆ ಒಂದು ಸುತ್ತು! ಡ್ರೈವರ್ ಬೇಡ, ಎರಡನೆಯ ಸುರುಳಿಗೆ ಒಂದು ಕೆಪಾಸಿಟರ್ ಸಾಕು. ಎ.ಸಿ.ಯ ಏರಿಳಿತವೇ ಸುರುಳಿಗಳನ್ನು ಸರದಿಯಂತೆ ಪ್ರಚೋದಿಸುತ್ತದೆ.

ಇದೇ ಮೋಟಾರಿಗೆ ಎ.ಸಿ. ಬದಲು ಡಿ.ಸಿ.ಯನ್ನು ತುಣುಕು ತುಣುಕಾಗಿ ಕೊಟ್ಟರೆ ಅದು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. 50 ಹಲ್ಲು, ಪ್ರತಿ ಹಲ್ಲಿಗೆ 4 ಹೆಜ್ಜೆ. ಒಂದು ಹೆಜ್ಜೆಗೆ 1.8 ಡಿಗ್ರಿ. ಹೊಳೆನರಸೀಪುರದ ಯಂತ್ರದ ಮೋಟಾರೂ ಇದೇ ಬಗೆಯದು. ಎಪ್ಪತ್ತು ವರ್ಷಗಳಲ್ಲಿ ಮೋಟಾರಿನ ಮೂಲ ವಿನ್ಯಾಸ ಹೆಚ್ಚೇನೂ ಬದಲಾಗಿಲ್ಲ. ಬದಲಾದದ್ದು ಅದರ ಹಿಂದಿನ ಪೆಟ್ಟಿಗೆ.

ಸುರುಳಿ ತುಂಬಲು ಹೊತ್ತು ಬೇಕು

ಟ್ರಾನ್ಸಿಸ್ಟರುಗಳು ಬಂದ ಮೇಲೆ ಡಿ.ಸಿ.ಯನ್ನು ತುಣುಕು ಮಾಡುವುದು ಸುಲಭವಾಯಿತು. ಆದರೆ ಒಂದು ತೊಡಕು ಎದುರಾಯಿತು. ಮೋಟಾರಿನ ಸುರುಳಿಗೆ ಪ್ರೇರಕತೆ (ಇಂಡಕ್ಟೆನ್ಸ್) ಇದೆ. ವೋಲ್ಟೇಜು ಕೊಟ್ಟ ಕೂಡಲೇ ಅದರಲ್ಲಿ ಪ್ರವಾಹ ಹರಿಯುವುದಿಲ್ಲ. ಕೊಳಾಯಿ ತಿರುಗಿಸಿದ ಮೇಲೆ ಕೊಡ ತುಂಬುವಂತೆ ನಿಧಾನವಾಗಿ ಏರುತ್ತದೆ. ಮೋಟಾರಿನ ತಿರುಗುಬಲ (ಟಾರ್ಕ್) ಇರುವುದು ಪ್ರವಾಹದಲ್ಲಿ, ವೋಲ್ಟೇಜಿನಲ್ಲಿ ಅಲ್ಲ.

ನಮ್ಮ ಯಂತ್ರದ ಮೋಟಾರನ್ನೇ ತೆಗೆದುಕೊಳ್ಳಿ. 57 ಮಿ.ಮೀ. ಮುಖದ ಈ ಮೋಟಾರಿನ ಸುರುಳಿಗೆ ಪ್ರವಾಹ 2.8 ಆಂಪ್, ರೋಧ 1.1 ಓಮ್, ಪ್ರೇರಕತೆ 3.6 ಮಿಲಿಹೆನ್ರಿ. ಲೆಕ್ಕದ ಪ್ರಕಾರ 3.1 ವೋಲ್ಟ್ ಕೊಟ್ಟರೆ 2.8 ಆಂಪ್ ಹರಿಯಬೇಕು. ಹರಿಯುತ್ತದೆ, ಆದರೆ ಅದರ ಶೇಕಡಾ 63ನ್ನು ಮುಟ್ಟಲೇ 3.3 ಮಿಲಿಸೆಕೆಂಡ್ ಬೇಕು. ಈಗ ತಿರುಪುದಂಡದ ಒಂದು ಸುತ್ತಿಗೆ ಯಂತ್ರ 5 ಮಿ.ಮೀ. ಸರಿಯುತ್ತದೆ ಎನ್ನೋಣ. ನಿಮಿಷಕ್ಕೆ 1500 ಮಿ.ಮೀ. ವೇಗ ಬೇಕಾದರೆ ಸೆಕೆಂಡಿಗೆ 1000 ಹೆಜ್ಜೆ ಇಡಬೇಕು. ಒಂದು ಹೆಜ್ಜೆಗೆ ಸಿಗುವುದು 1 ಮಿಲಿಸೆಕೆಂಡ್ ಮಾತ್ರ. ಕೊಡ ಕಾಲು ಭಾಗ ತುಂಬುವಷ್ಟರಲ್ಲಿ ಅದನ್ನು ಎತ್ತಿ ಇನ್ನೊಂದನ್ನು ಇಟ್ಟಂತೆ. ಮೋಟಾರು ನಿಧಾನದಲ್ಲಿ ಬಲಶಾಲಿ, ವೇಗದಲ್ಲಿ ನಿಸ್ಸತ್ವ.

ಆರಂಭದ ಎಂಜಿನಿಯರುಗಳು ಇದಕ್ಕೆ ಕಂಡುಕೊಂಡ ಉಪಾಯ ಒರಟಾದದ್ದು. ಸುರುಳಿಯ ಸಾಲಿನಲ್ಲಿ ಅದರ ಮೂರರಷ್ಟು ರೋಧಕವನ್ನು ಸೇರಿಸಿ, ನಾಲ್ಕರಷ್ಟು ವೋಲ್ಟೇಜು ಕೊಡುವುದು. ಪ್ರವಾಹ ನಾಲ್ಕು ಪಟ್ಟು ಬೇಗ ಏರುತ್ತದೆ. ಮಿತಿ ಮೀರದಂತೆ ರೋಧಕ ತಡೆಯುತ್ತದೆ. ಬೆಲೆ ತೆರುವುದು ಶಾಖದ ರೂಪದಲ್ಲಿ. ನಮ್ಮ ಮೋಟಾರಿಗೆ ಹೀಗೆ ಮಾಡಿದರೆ ಒಂದೊಂದು ಸುರುಳಿಯ ರೋಧಕದಲ್ಲೂ ಸುಮಾರು 26 ವಾಟ್ ವ್ಯರ್ಥವಾಗಿ ಉರಿಯುತ್ತದೆ. ಮನೆಯಲ್ಲಿ ಬಳಸುವ ಸೋಲ್ಡರಿಂಗ್ ಐರನ್‌ನಷ್ಟು! ಮೂರು ಮೋಟಾರಿಗೆ ಆರು ಸೋಲ್ಡರಿಂಗ್ ಐರನ್ ಸದಾ ಕಾದಿರುತ್ತವೆ. ನಮ್ಮ ಪ್ರಯೋಗಾಲಯದ ಕಾರ್ಡುಗಳಲ್ಲಿದ್ದದ್ದೂ ಬಹುಮಟ್ಟಿಗೆ ಇದೇ: ನಾಲ್ಕು ಟ್ರಾನ್ಸಿಸ್ಟರು, ಬಿಸಿಯಾಗುವ ಸಿಮೆಂಟು ಬಣ್ಣದ ರೋಧಕಗಳು. “ಮುಟ್ಟಬೇಡಿ, ಸುಡುತ್ತೆ” ಎಂದು ಹೇಳುತ್ತಿದ್ದೆವು. ಏಕೆ ಸುಡುತ್ತದೆ ಎಂಬುದೇ ಪಾಠವಾಗಬೇಕಿತ್ತು.

ದೊಡ್ಡವರು ಕೈಬಿಟ್ಟ ಮೋಟಾರು

1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ಮೊದಲ ಸಂಖ್ಯಾ ನಿಯಂತ್ರಿತ ಮಿಲ್ಲಿಂಗ್ ಯಂತ್ರವನ್ನು ಪ್ರದರ್ಶಿಸಿದಾಗ ಅದರಲ್ಲಿದ್ದದ್ದು ಸರ್ವೊ ವ್ಯವಸ್ಥೆ. ಅಂದರೆ ಯಂತ್ರ ಎಷ್ಟು ಸರಿಯಿತೆಂದು ಅಳೆದು, ಆ ಸುದ್ದಿಯನ್ನು ನಿಯಂತ್ರಕಕ್ಕೆ ಹಿಂದಿರುಗಿಸಿ, ವ್ಯತ್ಯಾಸ ಇದ್ದರೆ ತಿದ್ದುವ ವ್ಯವಸ್ಥೆ. ಜಪಾನಿನ ಫುಜಿತ್ಸು ಕಂಪನಿಯಲ್ಲಿ ಸೆಯುಮೊನ್ ಇನಾಬಾ ಅವರ ತಂಡ ಬೇರೆ ದಾರಿ ಹಿಡಿಯಿತು. ಪುಟ್ಟ ಹೆಜ್ಜೆ ಮೋಟಾರೊಂದು ಹೈಡ್ರಾಲಿಕ್ ಕವಾಟವನ್ನು ತಿರುಗಿಸುತ್ತದೆ, ಎಣ್ಣೆಯ ಒತ್ತಡ ಭಾರವನ್ನು ತಳ್ಳುತ್ತದೆ. 1959ರಲ್ಲಿ ಬಂದ ಈ ‘ವಿದ್ಯುತ್-ಹೈಡ್ರಾಲಿಕ್ ಪಲ್ಸ್ ಮೋಟಾರು’ ಜಪಾನಿನ ಸಿಎನ್‌ಸಿ ಉದ್ಯಮವನ್ನೇ ಮೇಲೆತ್ತಿತು. ಹಿಂದಿರುಗಿ ಅಳೆಯುವ ಸಾಧನ ಬೇಡವಾದ್ದರಿಂದ ಅಗ್ಗ, ಸರಳ. 1972ರಲ್ಲಿ ಈ ವಿಭಾಗವೇ ಫ್ಯಾನಕ್ ಎಂಬ ಪ್ರತ್ಯೇಕ ಕಂಪನಿಯಾಯಿತು.

ಮರುವರ್ಷವೇ ತೈಲ ಬಿಕ್ಕಟ್ಟು. ಸದಾ ಪಂಪು ಓಡಿಸಬೇಕಾದ ಹೈಡ್ರಾಲಿಕ್ ವ್ಯವಸ್ಥೆ ದುಬಾರಿಯಾಯಿತು. ತಾನೇ ಕಟ್ಟಿ ಬೆಳೆಸಿದ ಪಲ್ಸ್ ಮೋಟಾರನ್ನು ಇನಾಬಾ 1970ರ ದಶಕದ ನಡುವೆ ಬದಿಗಿಟ್ಟು, ಅಮೆರಿಕದ ಗೆಟ್ಟಿಸ್ ಕಂಪನಿಯಿಂದ ಪರವಾನಗಿ ಪಡೆದು ಡಿ.ಸಿ. ಸರ್ವೊ ಮೋಟಾರಿಗೆ ಬದಲಾದರು. ಅಂಥ ನಿರ್ಧಾರಕ್ಕೆ ಧೈರ್ಯ ಬೇಕು. ಅಲ್ಲಿಂದಾಚೆಗೆ ಉದ್ಯಮದ ಸಿಎನ್‌ಸಿ ಎಂದರೆ ಸರ್ವೊ ಎಂದೇ ಆಯಿತು. 1953ರಲ್ಲಿ ಸ್ಥಾಪನೆಯಾದ ಎಚ್‌ಎಂಟಿ, 1962ರ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ, ಆಮೇಲೆ ಪೀಣ್ಯದ ಯಂತ್ರ ತಯಾರಕರು ಬೆಳೆಸಿದ ಬೆಂಗಳೂರಿನ ಯಂತ್ರೋಪಕರಣ ಪರಂಪರೆಯಲ್ಲೂ ದೊಡ್ಡ ಸಿಎನ್‌ಸಿಗಳು ಸರ್ವೊ ದಾರಿಯಲ್ಲೇ ನಡೆದವು. ಹೆಜ್ಜೆ ಮೋಟಾರು ಪ್ರಿಂಟರು, ಫ್ಲಾಪಿ ಡ್ರೈವ್, ಪ್ಲಾಟರುಗಳಿಗೆ ಇಳಿಯಿತು.

ಹಿಂದಿರುಗಿ ಬರುವ ಸುದ್ದಿಯ ಬೆಲೆ ಏನೆಂದು ಹಾಸನದವರಿಗೆ ಹೇಳಬೇಕಾಗಿಲ್ಲ. ಸಾಲಗಾಮೆ ರಸ್ತೆಯಲ್ಲಿ ಹೋಗುವಾಗ ಕಾಣುವ ದೊಡ್ಡ ಡಿಶ್ ಆಂಟೆನಾಗಳು ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರದವು. ಇನ್ಸಾಟ್-1ಎ ಉಡಾವಣೆಯಾದ 1982ರಿಂದ ಇಲ್ಲಿಂದ ಉಪಗ್ರಹಗಳಿಗೆ ಆಜ್ಞೆ ಹೋಗುತ್ತದೆ. ಆಜ್ಞೆ ತಲುಪಿತೇ, ಏನಾಯಿತು ಎಂಬುದು ದೂರಮಾಪನ ಸಂಕೇತಗಳಾಗಿ 36,000 ಕಿ.ಮೀ. ಎತ್ತರದಿಂದ ಮರಳಿ ಬರುತ್ತದೆ. ಹೊಳೆನರಸೀಪುರದ ಯಂತ್ರದಲ್ಲಿ ಎರಡು ಮೀಟರ್ ತಂತಿಯ ಆಚೆಗಿರುವ ಮೋಟಾರಿನಿಂದ ಒಂದು ಸುದ್ದಿಯೂ ಬರುವುದಿಲ್ಲ. ಡ್ರೈವರ್ ಸರಿಯಾಗಿದ್ದರೆ ಮಾತ್ರ ಈ ಮೌನವನ್ನು ನಂಬಬಹುದು.

ಕತ್ತರಿಸಿ ಕೊಡುವ ಉಪಾಯ

ಹೆಜ್ಜೆ ಮೋಟಾರನ್ನು ಮತ್ತೆ ಯಂತ್ರಗಳಿಗೆ ತಂದದ್ದು ‘ಚಾಪರ್’ ಡ್ರೈವರ್. ಅದರ ತತ್ತ್ವ ಸರಳ. ರೋಧಕ ಹಾಕಿ ಶಾಖ ಮಾಡುವ ಬದಲು, ಸುರುಳಿಗೆ ಬೇಕಾದದ್ದಕ್ಕಿಂತ ಹತ್ತು ಪಟ್ಟು ವೋಲ್ಟೇಜನ್ನೇ ನೇರವಾಗಿ ಕೊಡುವುದು. ಪ್ರವಾಹ ರಭಸದಿಂದ ಏರುತ್ತದೆ. ನಿಗದಿತ ಮಿತಿ ಮುಟ್ಟಿದ ಕ್ಷಣ ಸ್ವಿಚ್ ಮುಚ್ಚಬೇಕು. ಸ್ವಲ್ಪ ಇಳಿದ ಕೂಡಲೇ ಮತ್ತೆ ತೆರೆಯಬೇಕು. ಹೀಗೆ ಸೆಕೆಂಡಿಗೆ ಸಾವಿರಾರು ಬಾರಿ. ನಮ್ಮ ಮೋಟಾರಿಗೆ 12 ವೋಲ್ಟ್ ಕೊಟ್ಟರೆ 2.8 ಆಂಪ್ ಮುಟ್ಟಲು ಹತ್ತಿರ ಹತ್ತಿರ 1 ಮಿಲಿಸೆಕೆಂಡ್ ಬೇಕು. 36 ವೋಲ್ಟ್ ಕೊಟ್ಟರೆ 0.3 ಮಿಲಿಸೆಕೆಂಡ್ ಸಾಕು. 3.1 ವೋಲ್ಟಿನ ಮೋಟಾರಿಗೆ 36 ವೋಲ್ಟ್ ಕೊಡುವುದು ಹುಚ್ಚಲ್ಲ ಎಂದು ನನ್ನ ವಿದ್ಯಾರ್ಥಿಗೆ ಒಪ್ಪಿಸಲು ಒಂದು ಮಧ್ಯಾಹ್ನವೇ ಬೇಕಾಯಿತು.

1980ರ ದಶಕದಲ್ಲಿ ಇಟಲಿಯ ಎಸ್‌ಜಿಎಸ್ ಕಂಪನಿ ಈ ಕೆಲಸವನ್ನು ಎರಡು ಚಿಪ್ಪಿಗೆ ಹಂಚಿತು. ಎಲ್297 ಎಂಬುದು ಹೆಜ್ಜೆಯ ಸರದಿಯನ್ನು ಹಾಕಿ, ಪ್ರವಾಹದ ಮಿತಿಯನ್ನು ನೋಡಿಕೊಳ್ಳುವ ಮಿದುಳು. ಎಲ್298 ಎಂಬುದು 2 ಆಂಪ್‌ವರೆಗೆ ಹರಿಸುವ ಸ್ನಾಯು. ಅವೆರಡೂ ಜೊತೆಯಾಗಿದ್ದಾಗ ಮಾತ್ರ ಅದು ಚಾಪರ್. ಈಗ ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ಎಲ್298 ಕಾರ್ಡುಗಳಲ್ಲಿ ಮಿದುಳಿಲ್ಲ. ಪ್ರವಾಹ ಅಳೆಯುವ ಕಾಲುಗಳನ್ನು ಹೆಚ್ಚಾಗಿ ನೆಲಕ್ಕೇ ಜೋಡಿಸಿರುತ್ತಾರೆ. ಆಟಿಕೆ ಕಾರಿನ ಮೋಟಾರಿಗೆ ಅದು ಸಾಕು. ನಮ್ಮವನು ಮೊದಲು ಹಾಕಿದ್ದು ಅದನ್ನೇ, 12 ವೋಲ್ಟಿನಲ್ಲಿ. 1.1 ಓಮ್ ಸುರುಳಿಗೆ ತಡೆಯಿಲ್ಲದೆ 12 ವೋಲ್ಟ್ ಕೊಟ್ಟರೆ ಏನಾಗುತ್ತದೆಂದು ಓಮನ ನಿಯಮ ಓದಿದ ಹೈಸ್ಕೂಲು ಹುಡುಗನೂ ಹೇಳಬಲ್ಲ. ಚಿಪ್ಪಿನಲ್ಲಿ ಕಳೆದುಹೋಗುವ ವೋಲ್ಟೇಜನ್ನು ಬಿಟ್ಟರೂ ಮಿತಿಯ ಮೂರು ನಾಲ್ಕು ಪಟ್ಟು. ಮೋಟಾರು ತಿರುಗುವ ಮೊದಲೇ ವಾಸನೆ ಬಂತು. ತಪ್ಪು ಚಿಪ್ಪಿನದಲ್ಲ.

ಚಾಪರ್‌ನಿಂದ ಇನ್ನೊಂದು ಲಾಭವೂ ಆಯಿತು. ಪ್ರವಾಹದ ಮಿತಿಯನ್ನು ಬೇಕಾದಂತೆ ಬದಲಿಸಬಹುದಾದ್ದರಿಂದ ಎರಡು ಸುರುಳಿಗಳಿಗೆ ಸೈನ್, ಕೊಸೈನ್ ಪ್ರಮಾಣದಲ್ಲಿ ಪ್ರವಾಹ ಹಂಚಿ, ಒಂದು ಹೆಜ್ಜೆಯನ್ನು 8, 16, 32 ಸೂಕ್ಷ್ಮ ಹೆಜ್ಜೆಗಳಾಗಿ ಒಡೆಯಬಹುದು. ಜಾಹೀರಾತುಗಳಲ್ಲಿ ಈ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. ಅದನ್ನು ನೋಡಿ ಡ್ರೈವರ್ ಕೊಳ್ಳುವವರೇ ಹೆಚ್ಚು. ಆದರೆ 1/16 ಹೆಜ್ಜೆಯಲ್ಲಿ ಮೋಟಾರನ್ನು ಆ ಒಂದು ಸೂಕ್ಷ್ಮ ಹೆಜ್ಜೆಯಷ್ಟು ಸರಿಸಲು ಸಿಗುವ ಬಲ ಒಟ್ಟು ಹಿಡಿತದ ಬಲದ ಶೇಕಡಾ 10ಕ್ಕಿಂತಲೂ ಸ್ವಲ್ಪ ಕಡಿಮೆ. ಘರ್ಷಣೆ ಅದಕ್ಕಿಂತ ಹೆಚ್ಚಿದ್ದರೆ ಅಕ್ಷ ಅಲುಗುವುದೇ ಇಲ್ಲ, ಇನ್ನೂ ನಾಲ್ಕಾರು ಸೂಕ್ಷ್ಮ ಹೆಜ್ಜೆಗಳು ಕೂಡಿದ ಮೇಲೆ ಜಿಗಿಯುತ್ತದೆ. ಸೂಕ್ಷ್ಮ ಹೆಜ್ಜೆಯಿಂದ ಬರುವುದು ನುಣುಪು, ಕಡಿಮೆ ಸದ್ದು, ಕಡಿಮೆ ನಡುಕ. ನಿಖರತೆ ಹದಿನಾರು ಪಟ್ಟು ಆಗುವುದಿಲ್ಲ. ನನ್ನ ಮಟ್ಟಿಗೆ 8 ಸಾಕು.

ಹವ್ಯಾಸಿಗಳ ಕಾಲ

1990ರ ದಶಕದಲ್ಲಿ ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ ಸಿಎನ್‌ಸಿ ನಿಯಂತ್ರಣದ ತಂತ್ರಾಂಶವೊಂದನ್ನು ರೂಪಿಸಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಅದೇ ಬೆಳೆದು ಇಂದಿನ ಲಿನಕ್ಸ್‌ಸಿಎನ್‌ಸಿ ಆಗಿದೆ. ಹಳೆಯ ಕಂಪ್ಯೂಟರಿನ ಪ್ರಿಂಟರ್ ಪೋರ್ಟಿನಿಂದಲೇ ಹೆಜ್ಜೆಯ ಸಂಕೇತ ಕಳುಹಿಸಬಹುದಾಯಿತು. 88, 44ರ ಕಾಲ ಅಲ್ಲಿಗೆ ಮುಗಿಯಿತು. ಈಗ ಕಂಪ್ಯೂಟರ್ ‘ಒಂದು ಹೆಜ್ಜೆ’, ‘ಈ ದಿಕ್ಕು’ ಎಂದಷ್ಟೇ ಹೇಳುತ್ತದೆ, ಸರದಿ ಹಾಕುವುದು ಡ್ರೈವರಿನ ಕೆಲಸ. ಅದೇ ಹೊತ್ತಿಗೆ ಅಮೆರಿಕದಲ್ಲಿ ಮಾರಿಸ್ ಫ್ರೈಮಾನಿಸ್ ಎಂಬ ಎಂಜಿನಿಯರ್ ಗೆಕೊಡ್ರೈವ್ ಎಂಬ ಸಣ್ಣ ಕಂಪನಿಯಿಂದ ಹವ್ಯಾಸಿಗಳ ಕೈಗೆಟುಕುವ ಗಟ್ಟಿಯಾದ ಡ್ರೈವರುಗಳನ್ನು ಮಾರತೊಡಗಿದರು. ನಡು ವೇಗದಲ್ಲಿ ಮೋಟಾರು ತಾನಾಗಿಯೇ ತೂಗಾಡಿ ನಿಂತುಬಿಡುವ ಅನುರಣನದ ಕಾಯಿಲೆಗೆ ಡ್ರೈವರಿನೊಳಗೇ ಮದ್ದು ಇಟ್ಟದ್ದು ಅವರ ಹೆಗ್ಗಳಿಕೆ. ಅವರು ಹೇಳಿಕೊಟ್ಟ ಒಂದು ಸೂತ್ರವನ್ನು ಇಂದಿಗೂ ಎಲ್ಲರೂ ಬಳಸುತ್ತಾರೆ: ಮಿಲಿಹೆನ್ರಿಯಲ್ಲಿ ಪ್ರೇರಕತೆಯ ವರ್ಗಮೂಲ ತೆಗೆದು 32ರಿಂದ ಗುಣಿಸಿದರೆ ಆ ಮೋಟಾರಿಗೆ ಕೊಡಬಹುದಾದ ಗರಿಷ್ಠ ವೋಲ್ಟೇಜು. ನಮ್ಮ 3.6ಕ್ಕೆ ಸುಮಾರು 60 ವೋಲ್ಟ್. ಇದು ಮೇಲಿನ ಮಿತಿ, ತಲುಪಲೇಬೇಕಾದ ಗುರಿಯಲ್ಲ.

2005ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್ ರೆಪ್‌ರ್‍ಯಾಪ್ ಎಂಬ ಮುಕ್ತ 3ಡಿ ಪ್ರಿಂಟರ್ ಯೋಜನೆ ಆರಂಭಿಸಿದರು. 2009ರಲ್ಲಿ ನಾರ್ವೆಯ ಸಿಮೆನ್ ಸ್ವಾಲೆ ಸ್ಕೊಗ್ಸ್‌ರುಡ್ ಅವರ ‘ಗ್ರಬ್ಲ್’ ತಂತ್ರಾಂಶ ಆರ್ಡುಯಿನೊ ಕಾರ್ಡನ್ನೇ ಸಿಎನ್‌ಸಿ ನಿಯಂತ್ರಕವಾಗಿಸಿತು. ಇವೆರಡರ ಜೊತೆ ಅಂಚೆಚೀಟಿ ಗಾತ್ರದ ಡ್ರೈವರ್ ಮಾಡ್ಯೂಲುಗಳು ಬಂದವು: ಎ4988 (35 ವೋಲ್ಟ್, 2 ಆಂಪ್), ಡಿಆರ್‌ವಿ8825 (45 ವೋಲ್ಟ್, 2.5 ಆಂಪ್). 2016ರಿಂದ ನಮ್ಮ ಶಾಲೆಗಳಿಗೆ ಬಂದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ 3ಡಿ ಪ್ರಿಂಟರಿನ ಒಳಗೂ ಇದೇ ವಂಶದ ಚಿಪ್ಪುಗಳಿರುತ್ತವೆ. ಆದರೆ ಚೀಟಿಯ ಮೇಲಿನ 2 ಆಂಪ್ ಎಂಬುದು ಚೆನ್ನಾಗಿ ತಂಪು ಮಾಡಿದಾಗಿನ ಗರಿಷ್ಠ ಅಂಕಿ. ತಂಪುಫಲಕ ಇಲ್ಲದಿದ್ದರೆ ಎ4988ರಿಂದ ಸುಮಾರು 1 ಆಂಪ್, ಡಿಆರ್‌ವಿ8825ರಿಂದ 1.5 ಆಂಪ್ ನಿರೀಕ್ಷಿಸಬಹುದು. ಪ್ಲಾಸ್ಟಿಕ್ ಎಳೆ ಸುರಿಸುವ ಹಗುರ ತಲೆಯನ್ನು ಓಡಿಸಲು ಅದು ಧಾರಾಳ. ತೇಗ ಕೆತ್ತುವ ಯಂತ್ರಕ್ಕೆ ಅಲ್ಲ.

ಹಾಳಾದ ಹಲಗೆಯ ಕತೆ ಇಲ್ಲಿಗೆ ಬಂದು ಸೇರುತ್ತದೆ. ಸುಟ್ಟ ಕಾರ್ಡಿನ ಬದಲಿಗೆ ನಮ್ಮವನು ಹಾಕಿದ್ದು ಇಂಥ ಸಣ್ಣ ಮಾಡ್ಯೂಲ್, 1 ಆಂಪಿಗೆ ತಿರುಚಿಟ್ಟು, ಅದೇ 12 ವೋಲ್ಟಿನಲ್ಲಿ. 2.8 ಆಂಪಿನ ಮೋಟಾರಿಗೆ ಮೂರನೆಯ ಒಂದು ಭಾಗ ಊಟ. ಗಾಳಿಯಲ್ಲಿ ಓಡಿತು. ಕತ್ತಿ ಮರದ ಗಂಟಿಗೆ ಸಿಕ್ಕಿದಾಗ ಹೆಜ್ಜೆ ತಪ್ಪಿತು.

ನಾವು ಆರಿಸಿದ್ದು

ಹಾಸನದಿಂದ ಶ್ರವಣಬೆಳಗೊಳ, ಕುಣಿಗಲ್ ಮಾರ್ಗದ ರೈಲು 2017ರಲ್ಲಿ ಆರಂಭವಾದ ಮೇಲೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಸಂಜೆಗೆ ಮರಳುವುದು ಸುಲಭವಾಗಿದೆ. ಅಲ್ಲಿ ‘ಟಿಬಿ6600’ ಎಂದು ಬರೆದ ಪೆಟ್ಟಿಗೆಗಳು ರಾಶಿ ರಾಶಿ. ಬಿಚ್ಚಿ ನೋಡಿದರೆ ಹಲವದರಲ್ಲಿ ಆ ಹೆಸರಿನ ಚಿಪ್ಪು ಇರುವುದಿಲ್ಲ. ಟಿಬಿ67ಎಸ್109 ಎಂಬ ಅದರ ತಮ್ಮ ಇರುತ್ತದೆ, ಅದರ ಪ್ರವಾಹದ ಸಾಮರ್ಥ್ಯ ಕಡಿಮೆ. ಹೆಸರನ್ನಲ್ಲ, ಚಿಪ್ಪನ್ನು ನೋಡಿ ಕೊಳ್ಳಬೇಕು. ಅಂಗಡಿಯವರು ಬಿಚ್ಚಲು ಬಿಡದಿದ್ದರೆ ಮುಂದಿನ ಅಂಗಡಿಗೆ ಹೋಗಬೇಕು!

ನಾವು ತಂದದ್ದು 50 ವೋಲ್ಟ್, 4.2 ಆಂಪ್ ಮಿತಿಯ ಡಿಎಂ542 ವರ್ಗದ ಡಿಜಿಟಲ್ ಡ್ರೈವರ್. ಅನುರಣನ ತಗ್ಗಿಸುವ ಲೆಕ್ಕವನ್ನು ಅದರೊಳಗಿನ ಪ್ರೊಸೆಸರೇ ಮಾಡುತ್ತದೆ. ಅದರ ಮೈಮೇಲೆ ಪ್ರವಾಹದ ಕೋಷ್ಟಕದಲ್ಲಿ ಎರಡು ಅಂಕಣಗಳಿರುತ್ತವೆ: ಶಿಖರ ಮತ್ತು ಆರ್‌ಎಂಎಸ್. ಎರಡರ ನಡುವೆ ಸುಮಾರು 1.4 ಪಟ್ಟು ಅಂತರ. ಮೋಟಾರಿನ 2.8ನ್ನು ಯಾವ ಅಂಕಣದಲ್ಲಿ ಹುಡುಕಬೇಕು ಎಂಬುದರಲ್ಲಿ ಗೊಂದಲವಾಗಿ ಮೋಟಾರನ್ನು ಹಸಿವಿನಿಂದ ನರಳಿಸುವವರಿದ್ದಾರೆ, ಬೇಯಿಸುವವರೂ ಇದ್ದಾರೆ. ನಾವು ಆರ್‌ಎಂಎಸ್ ಅಂಕಣದಲ್ಲಿ 2.8ಕ್ಕಿಂತ ಒಂದು ಮೆಟ್ಟಿಲು ಕೆಳಗಿಟ್ಟು, ಅರ್ಧ ಗಂಟೆ ಓಡಿಸಿ, ಮೋಟಾರಿನ ಮೈ ಮುಟ್ಟಿ ನೋಡಿದೆವು. ನಿಂತಾಗ ಪ್ರವಾಹವನ್ನು ಅರ್ಧಕ್ಕಿಳಿಸುವ ಸ್ವಿಚ್ಚನ್ನೂ ಹಾಕಿದೆವು.

ವೋಲ್ಟೇಜಿನ ವಿಷಯದಲ್ಲಿ ಚನ್ನರಾಯಪಟ್ಟಣದ ಗೆಳೆಯರ ಮಾತು ನಮ್ಮನ್ನು ಉಳಿಸಿತು. ನಾನು ಹಳೆಯ ಅಭ್ಯಾಸದಂತೆ ಟ್ರಾನ್ಸ್‌ಫಾರ್ಮರ್, ಡಯೋಡು, ಕೆಪಾಸಿಟರ್ ಇಟ್ಟು 42 ವೋಲ್ಟ್ ಮಾಡೋಣ ಎಂದಿದ್ದೆ. ಅವರು ಒಪ್ಪಲಿಲ್ಲ. ಪಂಪ್‌ಸೆಟ್ಟುಗಳು ಓಡುವಾಗ ನಮ್ಮ ತಾಲ್ಲೂಕುಗಳ ಲೈನು ಕುಸಿಯುತ್ತದೆ, ಅವು ನಿಂತಾಗ 260 ವೋಲ್ಟಿಗೂ ಏರುತ್ತದೆ. 230ಕ್ಕೆ 42 ಬರುವ ಟ್ರಾನ್ಸ್‌ಫಾರ್ಮರ್ 260ಕ್ಕೆ 47 ದಾಟುತ್ತದೆ. ಅದರ ಮೇಲೆ, ವೇಗವಾಗಿ ಓಡುವ ಮೋಟಾರನ್ನು ತಟ್ಟನೆ ನಿಲ್ಲಿಸಿದಾಗ ಅದು ಜನರೇಟರಿನಂತೆ ಒಂದಿಷ್ಟು ಶಕ್ತಿಯನ್ನು ಹಿಂದಕ್ಕೆ ತಳ್ಳುತ್ತದೆ. 50ರ ಮಿತಿಗೆ ಏನು ಉಳಿಯಿತು? ಕೊನೆಗೆ 36 ವೋಲ್ಟಿನ ಎಸ್‌ಎಂಪಿಎಸ್ ಹಾಕಿದೆವು. ಲೈನು ಏರಿಳಿದರೂ ಅದು 36ನ್ನೇ ಕೊಡುತ್ತದೆ. ಇಷ್ಟಾದರೂ ಒಂದು ಡ್ರೈವರ್ ಹೋಯಿತು: ವಿದ್ಯುತ್ ಇರುವಾಗಲೇ ಮೋಟಾರಿನ ತಂತಿಯನ್ನು ಕಳಚಿದ್ದರಿಂದ. ಪ್ರವಾಹ ಹರಿಯುತ್ತಿರುವ ಸುರುಳಿಯ ದಾರಿ ಕಡಿದರೆ ಅದು ಚಿಪ್ಪಿನ ಮೇಲೆ ಸಿಡಿಯುತ್ತದೆ. ಕಳಚಿದವನು ನಾನೇ.

ಅರಕಲಗೂಡಿನ ಗೆಳೆಯರು ಡಯಲ್ ಗೇಜ್ ತಂದಿದ್ದರು. ಅದನ್ನು ಮೇಜಿಗೆ ಕೂರಿಸಿ ಸೊನ್ನೆ ಮಾಡಿ, ಯಂತ್ರವನ್ನು ನಿಮಿಷಕ್ಕೆ 1500 ಮಿ.ಮೀ. ವೇಗದಲ್ಲಿ ಆಚೆ ಈಚೆ ನೂರು ಬಾರಿ ಓಡಿಸಿ, ಮತ್ತೆ ಅದೇ ಜಾಗಕ್ಕೆ ತಂದೆವು. ಮೋಟಾರು ತಾನಾಗಿ ಹೇಳದ ಸುದ್ದಿಯನ್ನು ಹೀಗೆ ಬಾಯಿಬಿಡಿಸಬೇಕು. ಒಂದು ಪೂರ್ಣ ಹೆಜ್ಜೆ ಎಂದರೆ 0.025 ಮಿ.ಮೀ.; ಹೀಗೆ ತಪ್ಪುವಾಗ ಮೋಟಾರು ಒಂದಲ್ಲ, ಕನಿಷ್ಠ ನಾಲ್ಕು ಹೆಜ್ಜೆ, ಅಂದರೆ ಒಂದು ಹಲ್ಲು, ಜಾರುತ್ತದೆ. ಆಗ 0.1 ಮಿ.ಮೀ. ಕಾಣಬೇಕಿತ್ತು. ಮುಳ್ಳು ಸೊನ್ನೆಯಿಂದ ಎರಡು ಗೆರೆ ಆಚೆ, 0.02ರಲ್ಲಿ ನಿಂತಿತ್ತು. ವೇಗವನ್ನು 2500ಕ್ಕೆ ಏರಿಸಿ ಇನ್ನೊಮ್ಮೆ ಓಡಿಸಿದೆವು. ಅಷ್ಟೇ. ಆಮೇಲೆ ಗಿರಾಕಿ ಕೊಟ್ಟ ಎರಡನೆಯ ಹಲಗೆಯನ್ನು ಮೇಜಿಗೆ ಬಿಗಿದೆವು.